ಅಣಬೆ ಖೋಲಿಯ ಮಂಜು

ಬೈರಿದೇವರಕೊಪ್ಪದ ನಮ್ಮ ಮನೆಯ ಮೇಲಿನ ಖೋಲಿಯಲ್ಲಿ ಅಣಬೆ ಬೆಳೆಯುವ ಯೋಚನೆ ನನ್ನ ನೆಗೆಣ್ಣಿಯದು, ಅಂದರೆ ಮೈದುನನ ಹೆಂಡತಿಯದು. ಮದುವೆಯಾಗಿ ಬಂದಾಗಿನಿಂದ ಅವಳು ಹೆಚ್ಚು ಮಾತಾಡಿದವಳಲ್ಲ. ತರಬೇತಿಯೊಂದಕ್ಕೆ ಹೋಗಿ ಬಂದ ಮೇಲೆ ಮಾತ್ರ ರೊಟ್ಟಿ ಬಡಿಯುವಾಗಲೂ ಅಣಬೆಯದೇ ಮಾತು.

‘ಅಣಬಿ ತಿನ್ನೋ ಮನಿತನ ಅಲ್ಲ ನಮ್ಮದು’ ಎಂದು ಅತ್ತೆ ಗೊಣಗಿದರು.

‘ತಿನ್ನೂದು ಬ್ಯಾಡ್ರಿ ಅತ್ತಿ. ಬೆಳಿಯೂದಷ್ಟ.’

ಬೇಸಿಗೆಯ ಒಣಗಾಳಿಗೆ ಹುಲ್ಲು ತುಂಬಿ ತೂಗುಹಾಕಿದ ಚೀಲಗಳಲ್ಲಿ ಮೊಗ್ಗುಗಳು ಕಂದಿ ಉದುರತೊಡಗಿದವು. ಮೈದುನ ದುರ್ಗದಬೈಲಿನ ಪೇಟೆಯಲ್ಲಿ ವಿಚಾರಿಸಿ, ಕೈಯಲ್ಲಿ ಹಿಡಿಯುವ ಫಾಗಿಂಗ್ ಮಷೀನೊಂದನ್ನು ತಂದುಕೊಟ್ಟ. ಡಬ್ಬಿಗೆ ನೀರು ತುಂಬಿ ಬಟನ್ ಒತ್ತಿದರೆ ಖೋಲಿಯೆಲ್ಲ ತೆಳ್ಳಗಿನ ಮಂಜು. ಬೆಳೆ ತೆಗೆದಾದ ಮೇಲೆ ಅದರಲ್ಲೇ ಔಷಧಿ ಬೆರೆಸಿ ಹೊಡೆದು, ಬಾಗಿಲು ಮುಚ್ಚಿಟ್ಟು ಖೋಲಿ ಶುದ್ಧ ಮಾಡುತ್ತಿದ್ದಳು. ಔಷಧಿ ಹೊಡೆಯುವ ದಿನ ಮುಖಕ್ಕೆ ಮಾಸ್ಕ್ ಇರುತ್ತಿತ್ತು. ಬರೀ ನೀರಿಗೆ ಯಾಕೆ ಬೇಕೆಂದು ಉಳಿದ ದಿನ ಹಾಗೆಯೇ ಹೋಗುತ್ತಿದ್ದಳು. ಮಂಜಿನೊಳಗಿಂದ ಅವಳ ಗುನುಗು ಕೆಳಗಿನ ಅಡುಗೆಮನೆಗೂ ಕೇಳಿಸುತ್ತಿತ್ತು.

ಕೆಲವು ತಿಂಗಳಲ್ಲಿ ಅವಳಿಗೆ ಸಂಜೆಯ ಹೊತ್ತು ಜ್ವರ, ಒಣಕೆಮ್ಮು ಶುರುವಾಯಿತು. ಗುಳಿಗೆ ನುಂಗಿದರೆ ಇಳಿಯುತ್ತಿತ್ತು, ಮತ್ತೆ ಬರುತ್ತಿತ್ತು. ತವರಿಗೆ ಹೋಗಿದ್ದಾಗ ಕೆಮ್ಮೇ ಇರಲಿಲ್ಲ. ಮರಳಿ ಬಂದು ಖೋಲಿ ಹೊಕ್ಕ ದಿನವೇ ಮೈ ಸುಡತೊಡಗಿತು. ಆಗ ನನಗೆ ಅನುಮಾನ ಬಂದು ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಎದೆಯ ಫೋಟೊ ನೋಡಿ, ‘ಮನ್ಯಾಗ ಏನು ಕೆಲಸ ಮಾಡ್ತೀರಿ?’ ಎಂದು ಕೇಳಿದರು. ಅಣಬೆಯಿಂದ ಹಾರುವ, ಕಣ್ಣಿಗೆ ಕಾಣದ ಪುಡಿ ಅವಳ ಪುಪ್ಪಸಕ್ಕೆ ಆಗಿಬರುವುದಿಲ್ಲ, ಇನ್ನು ಆ ಖೋಲಿಗೆ ಕಾಲಿಡಬಾರದು ಎಂದರು.

ಆ ವಾರವೇ ಒಂದು ಮಧ್ಯಾಹ್ನ ಮೇಲಿಂದ ಮಷೀನಿನ ಸದ್ದು ಕೇಳಿ ಓಡಿದೆ. ಮಂಜಿನಲ್ಲಿ ಗೋಡೆ ಹಿಡಿದು ನಿಂತಿದ್ದಳು. ಉಸಿರಿಗಾಗಿ ಬಾಯಿ ತೆರೆದಿತ್ತು, ತುಟಿ ನೀಲಿಯಾಗಿತ್ತು. ತೋಳು ಹಿಡಿದು ಹೊರಗೆ ತಂದು ಮೆಟ್ಟಿಲ ಮೇಲೆ ಕೂರಿಸಿದೆ.

‘ಡಾಕ್ಟರು ಅಷ್ಟು ಹೇಳ್ಯಾರ. ಯಾಕ ಹೋದಿ?’

‘ಮೊಗ್ಗಿ ಒಣಗಾಕತ್ತಿದ್ವು ಅಕ್ಕಾರ.’

‘ಒಣಗಲಿ ಬಿಡು. ನಿನ್ನ ಜೀವಕ್ಕಿಂತ ಹೆಚ್ಚೇನು?’

ಬಹಳ ಹೊತ್ತು ಉಸಿರು ಕೂಡಿಸಿಕೊಂಡು ಹೇಳಿದಳು: ‘ಕೆಳಗ ಎಲ್ಲಾ ನಿಮ್ಮ ಮನಿ ಅನಸ್ತೈತ್ರಿ. ಇದೊಂದ ಖೋಲಿ ನಂದು ಅನಸ್ತಿತ್ತು.’

ಒಂದೇ ಒಲೆಯ ಮುಂದೆ ಇಷ್ಟು ವರ್ಷ ಜೊತೆಗಿದ್ದೆವು. ಅವಳ ಬೆನ್ನು ಸವರುತ್ತ ಕೂತೆ. ಆಮೇಲೆ ಆಟೋ ಕರೆಸಿ ಆಸ್ಪತ್ರೆಗೆ ಒಯ್ದೆವು.

ಅವಳು ಅಲ್ಲಿರುವಾಗಲೇ ಮೈದುನ ಚೀಲಗಳನ್ನೆಲ್ಲ ಹೊರಗೆ ಸಾಗಿಸಿದ. ನಾನು ಮಾಸ್ಕ್ ಕಟ್ಟಿ, ಮಷೀನಿಗೆ ಔಷಧಿ ಬೆರೆಸಿ ಮೂಲೆಮೂಲೆಗೂ ಹೊಡೆದು, ಬಾಗಿಲು ಮುಚ್ಚಿದೆ. ಮನೆಗೆ ಬಂದವಳು ಮೆಟ್ಟಿಲ ಕೆಳಗೆ ನಿಂತು ಮುಚ್ಚಿದ ಬಾಗಿಲನ್ನು ನೋಡಿ, ಅಡುಗೆಮನೆಗೆ ಹೋದಳು.

ಈಗ ಜ್ವರ ಬರುವುದಿಲ್ಲ. ಕಾಯಿಪಲ್ಯೆ ತರಲು ಇಬ್ಬರೂ ನಡೆದೇ ಹೋಗುತ್ತೇವೆ. ಏರು ಬಂದಲ್ಲಿ ಅವಳು ನಿಲ್ಲುತ್ತಾಳೆ, ನಾನೂ ನಿಲ್ಲುತ್ತೇನೆ. ಥಂಡಿಯ ಮುಂಜಾನೆ ಒಮ್ಮೊಮ್ಮೆ ಅವಳು ಮಲಗುವ ಖೋಲಿಯಿಂದ ಕೆಮ್ಮು ಕೇಳುತ್ತದೆ. ಹಿಟ್ಟು ನಾದುವ ಕೈ ನಿಲ್ಲಿಸಿ, ಇನ್ನೊಂದು ಕೇಳುತ್ತದೆಯೋ ಎಂದು ಕಿವಿಗೊಡುತ್ತೇನೆ.