ಜೇಬಿಲ್ಲದ ಅಂಗಿ

ನನ್ನ ಷಡ್ಡಕರ ಅಂಗಿಗಳಿಗೆ ಜೇಬಿರಲಿಲ್ಲ. ಹಳೆಯ ಅಂಗಿಗಳ ಜೇಬನ್ನು ಅವರೇ ಬ್ಲೇಡು ಹಿಡಿದು ಕೂತು ಒಂದೊಂದೇ ಹೊಲಿಗೆ ಬಿಚ್ಚಿ ತೆಗೆದಿದ್ದರು. ಎದೆಯ ಎಡಗಡೆ ಬಿಸಿಲು ಕಾಣದ ಗಾಢ ಬಣ್ಣದ ಚೌಕವೊಂದು ಉಳಿದಿರುತ್ತಿತ್ತು. ಕನ್ನಡಕ ಒಂದು ಕೈಯಲ್ಲಿ, ಬಸ್ಸಿನ ಟಿಕೆಟ್ಟು ಇನ್ನೊಂದು ಮುಷ್ಟಿಯಲ್ಲಿ. ನಂಜನಗೂಡಿನಿಂದ ಹೊರಟು ತಿ. ನರಸೀಪುರದ ನಮ್ಮ ಮನೆ ಬಾಗಿಲಿಗೆ ಬರುವಷ್ಟರಲ್ಲಿ ಆ ಟಿಕೆಟ್ಟು ಬೆವರಿಗೆ ಮುದ್ದೆಯಾಗಿರುತ್ತಿತ್ತು.

ಷಡ್ಡಕ ಎಂಬ ಸಂಬಂಧವನ್ನು ದೇವರು ಹೋಲಿಕೆಗೆಂದೇ ಸೃಷ್ಟಿಸಿದ್ದಾನೆ. ಒಂದೇ ಮನೆಯ ಅಕ್ಕತಂಗಿಯರನ್ನು ಮದುವೆಯಾದ ತಪ್ಪಿಗೆ ಇಬ್ಬರು ಗಂಡಸರನ್ನು ಜೀವಮಾನವಿಡೀ ತಕ್ಕಡಿಯ ಎರಡು ತಟ್ಟೆಗಳಲ್ಲಿ ಕೂರಿಸುತ್ತಾರೆ. ನಮ್ಮ ತಕ್ಕಡಿ ಹೆಮ್ಮಿಗೆಯ ಮಾವನವರ ಜಗಲಿಯಲ್ಲಿತ್ತು. ನಾನು ತಾಲ್ಲೂಕು ಕಚೇರಿಯಲ್ಲಿ ಪಹಣಿ ನಕಲು ಮಾಡುವವನು. ಅವರು ಯುದ್ಧವಿಮಾನ ಜೋಡಿಸುವವರು. ತೂಕದ ಫಲಿತಾಂಶವನ್ನು ಬೇರೆ ಹೇಳಬೇಕಾಗಿಲ್ಲ.

ಅವರಿದ್ದ ಕಾರ್ಖಾನೆ ಉತ್ತರದ ಒಂದು ಊರಿನಲ್ಲಿತ್ತು. ಊರಿನ ಹೆಸರು ಗುಟ್ಟೆಂದು ಅವರು ಹೇಳುತ್ತಿರಲಿಲ್ಲ. ನಂಜನಗೂಡಿನ ಬಸ್ ನಿಲ್ದಾಣದಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಹೊರದೇಶದವರೂ ನಮ್ಮವರೂ ಕೂಡಿ ಮಾಡಿದ ವಿಮಾನಗಳು ಅವು. ಮೊದಲಿಗೆ ಇಡಿಯಾಗಿಯೇ ಬಂದವು. ಆಮೇಲೆ ಭಾಗಗಳಾಗಿ ಪೆಟ್ಟಿಗೆಗಳಲ್ಲಿ ಬಂದವು. ವರ್ಷ ಕಳೆದಂತೆ ಪೆಟ್ಟಿಗೆಯೊಳಗಿನ ತುಂಡುಗಳು ಚಿಕ್ಕವಾಗುತ್ತ, ನಮ್ಮವರ ಕೆಲಸ ದೊಡ್ಡದಾಗುತ್ತ ಹೋಯಿತು. ಇದನ್ನು ಅವರು ನಮ್ಮ ಅತ್ತೆಗೆ ವಿವರಿಸಿದ ರೀತಿ ನನಗೆ ಇನ್ನೂ ನೆನಪಿದೆ.

“ಮೊದ್ಲು ಬೀಗ್ರು ಅಡ್ಗೆ ಮಾಡ್ಕಂಡೇ ತಂದ್ರು ಕಣತ್ತೆ. ಆಮೇಲೆ ಇಟ್ಟು, ಬೇಳೆ ಕಳ್ಸುದ್ರು. ಇನ್ಮೇಲೆ ರಾಗಿ ಬೀಸೋದ್ರಿಂದ ಎಲ್ಲಾ ನಾವೇ.”

“ಉಪ್ಪು ಯಾರ್ದಪ್ಪ?” ಎಂದರು ಅತ್ತೆ.

“ಉಪ್ಪು ಇನ್ನೂ ಅವ್ರುದೇ.”

ಷಡ್ಡಕರ ಹುಟ್ಟೂರು ಹದಿನಾರು ಎಂಬ ಹಳ್ಳಿ. ಅವರ ಮನೆಗೆ ಹೊಸದು ಏನೇ ಬರಲಿ, ಅದರ ಹೊಟ್ಟೆಯೊಳಗೆ ವಿಭೂತಿ ಸೇರಬೇಕು. ಹೊರಗೆ ಬಳಿದರೆ ಲೆಕ್ಕಕ್ಕಿಲ್ಲ. ಹೊಸ ಪಂಪ್‌ಸೆಟ್ಟಿನ ಪೆಟ್ಟಿಗೆಯೊಳಗೆ, ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ಹೊಸ ಸೊಸೆಯ ಸೆರಗಿನ ಗಂಟಿನಲ್ಲಿ ಒಂದೊಂದು ಚೂರು ಇದ್ದೇ ಇರುತ್ತಿತ್ತು. ಷಡ್ಡಕರ ತಂಡ ತಾನೇ ಪೂರ್ತಿಯಾಗಿ ಜೋಡಿಸಿದ ಮೊದಲ ವಿಮಾನಕ್ಕೆ ಆಯುಧಪೂಜೆ ಬಂತು. ಮೂಗಿಗೆ ಹಾರ, ಚಕ್ರದಡಿ ನಿಂಬೆಹಣ್ಣು. ಸಾಹೇಬರೇ ಕಾಯಿ ಒಡೆದರು. ಅಷ್ಟಕ್ಕೆ ಅಪ್ಪಣೆಯಿತ್ತು. ಮಾರನೆಯ ದಿನ ಷಡ್ಡಕರು, ನಂಜುಂಡೇಶ್ವರನ ಸನ್ನಿಧಿಯಲ್ಲಿ ಪೂಜೆ ಮಾಡಿಸಿಟ್ಟಿದ್ದ ಹುಣಸೆಬೀಜದಷ್ಟು ವಿಭೂತಿ ಗಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ, ಅಂಗಿಯ ಜೇಬಿನಲ್ಲಿ ಒಯ್ದು, ರೆಕ್ಕೆಯ ಬುಡದ ಸಂದಿಯಲ್ಲಿ ಸಿಕ್ಕಿಸಿದರು. ಮುಚ್ಚಳ ಹಾಕುವ ಮೊದಲು ಒಬ್ಬರು ಇಣುಕಿ ನೋಡಿ “ಒಳಗೆ ಏನೂ ಇಲ್ಲ” ಎಂದು ಕೂಗಬೇಕು, ಆಮೇಲೆಯೇ ತಿರುಪು ಬಿಗಿದು, ಇನ್ನಿಬ್ಬರು ಸಹಿ ಹಾಕಬೇಕು. ಅದು ಅಲ್ಲಿನ ಕ್ರಮ. ಇಣುಕಿ ನೋಡಿ ಕೂಗಿದವರೂ ಅವರೇ.

ಈ ಸಾಹಸವನ್ನು ನಂಜನಗೂಡಿನ ಹೊಸ ಮನೆಯ ಗೃಹಪ್ರವೇಶದ ಪಂಕ್ತಿಯಲ್ಲಿ ಅವರೇ ಘೋಷಿಸಿದರು. ಊಟಕ್ಕೆ ಕೂತವರೆಲ್ಲ ಎಂಜಲು ಕೈಯಲ್ಲೇ ಮುಗಿದರು. ದೇಶದ ರಕ್ಷಣೆಯಲ್ಲಿ ಹದಿನಾರಿನ ಪಾಲೂ ಸೇರಿತಲ್ಲ ಎಂದು ನಾನು ಒಂದು ಹೋಳಿಗೆ ಜಾಸ್ತಿ ತಿಂದೆ.

ಮುಂದಿನ ರಜೆಗೆ ಬಂದಾಗ ಅವರ ಹಣೆ ಬೋಳಾಗಿತ್ತು. ಮೂರು ಬೆರಳಗಲ ವಿಭೂತಿಯಿಲ್ಲದೆ ಅವರನ್ನು ಯಾರೂ ಕಂಡವರಲ್ಲ. ಉತ್ತರದ ನೀರು ಕುಡಿದು ನಾಸ್ತಿಕರಾದರೆಂದು ಜಗಲಿ ತೀರ್ಪು ಕೊಟ್ಟಿತು. ನಿಜ ಗೊತ್ತಾದದ್ದು ನನಗೊಬ್ಬನಿಗೆ, ಕಪಿಲೆಯ ಮೆಟ್ಟಿಲ ಮೇಲೆ, ಬೆಳಗಿನ ಸ್ನಾನ ಮುಗಿಸಿ ಕೂತಿದ್ದಾಗ.

“ಕ್ಲಾಸ್ ತಗಂಡಿದ್ರು ಕಣಯ್ಯ. ಎಲ್ಲೋ ಒಂದ್ ಇಮಾನ್ದಲ್ಲಿ ಸಣ್ಣ ನಟ್ಟು ಒಳುಗೇ ಬಿದ್ದೋಗಿತ್ತಂತೆ. ಇಮಾನ ಮಗುಚ್ದಾಗ ಉರುಳ್ಕಂಡೋಗಿ ರೆಕ್ಕೆ ಆಡ್ಸೋ ಕಂಬಿಗೆ ಸಿಕ್ಕಾಕಂತಂತೆ. ಪೈಲಟ್ಟು ಎಷ್ಟ್ ಎಳುದ್ರೂ ಬರ್ನಿಲ್ವಂತೆ.”

“ಅದು ನಟ್ಟು ಅಣ್ಣ. ಇದು ನಂಜುಂಡನ ಪ್ರಸಾದ ಅಲ್ವಾ?”

“ನಮ್ಗೆ ಪ್ರಸಾದ. ಅದ್ರೊಳ್ಗೆ ಕೂತಿರೋ ಉಡುಗುಂಗೆ ಅದು ಕಲ್ಲು.”

ಸರ್ಕಾರಿ ಕಚೇರಿಯಲ್ಲಿ ನಾನು ಗಳಿಸಿದ ಜ್ಞಾನವನ್ನೆಲ್ಲ ಒಟ್ಟುಗೂಡಿಸಿ ಸಲಹೆ ಕೊಟ್ಟೆ: “ಸುಮ್ನಿದ್ದುಬಿಡಿ. ಇಷ್ಟು ದಿನ ಹಾರಿದೆ, ಏನೂ ಆಗಿಲ್ಲ.”

“ಏನೂ ಆಗಿಲ್ಲ ಅಂತ ಏಳಾಕೆ ಎಷ್ಟ್ ದಿನ ಆಗ್ಬೇಕು?” ಎಂದರು. ಒದ್ದೆ ಟವೆಲು ಹಿಂಡುತ್ತ, “ನನ್ ಕೆಲ್ಸ ಓದ್ರೆ ಓಗ್ಲಿ. ನನ್ನ ನಂಬ್ಕಂಡು ಸೈನ್ ಆಕ್ದೋರು ಇನ್ನಿಬ್ರವ್ರೆ. ಅವ್ರ್ ಮಕ್ಳು ನನ್ ಮನೇಲೇ ಉಂಡ್ಕಂಡು ಆಡ್ತವೆ ಕಣಯ್ಯ. ಅದೇ ಸಂಕ್ಟ” ಎಂದರು.

ರಜೆ ಮುಗಿಯುವ ಮೊದಲೇ ಹಿಂತಿರುಗಿ ಹೋಗಿ ಎಲ್ಲ ಹೇಳಿಬಿಟ್ಟರು. ಆ ವಿಮಾನವನ್ನು ನೆಲಕ್ಕಿಳಿಸಿ ಬಿಚ್ಚಿದರು. ಬಟ್ಟೆ ಸಿಕ್ಕಿತು. ಗಟ್ಟಿ ಸಿಗಲಿಲ್ಲ. ಎಲ್ಲ ಕಡೆ ಹುಡುಕಿ, ಅದುರಾಟಕ್ಕೆ ಪುಡಿಯಾಗಿರಬೇಕು ಎಂದು ಸಾಹೇಬರು ತೀರ್ಮಾನಿಸಿದರು. ವಿಮಾನ ಮತ್ತೆ ಹಾರಿತು. ಷಡ್ಡಕರನ್ನು ವಿಮಾನ ಮುಟ್ಟಗೊಡದೆ ಉಗ್ರಾಣಕ್ಕೆ ಹಾಕಿದರು. ಸಹಿ ಹಾಕಿದ್ದ ಇಬ್ಬರಿಗೆ ಬಡ್ತಿ ತಪ್ಪಿತು. ಅವರು ಮಾತು ಬಿಟ್ಟರು. ಮಕ್ಕಳು ಆಡಲು ಬರುವುದೂ ನಿಂತಿತು. ಷಡ್ಡಕರು ಸ್ವಯಂ ನಿವೃತ್ತಿ ಪಡೆದು ನಂಜನಗೂಡಿಗೆ ಬಂದು ಕೂತರು. ಹೆಮ್ಮಿಗೆಯ ತಕ್ಕಡಿ ಮೊಟ್ಟಮೊದಲ ಬಾರಿಗೆ ನನ್ನ ಕಡೆ ವಾಲಿತು. ಅಷ್ಟು ವರ್ಷ ಕಾದಿದ್ದ ಆ ಸುಖ ಬಾಯಿಗೆ ರುಚಿಸಲಿಲ್ಲ.

ಜೇಬುಗಳನ್ನು ಕಿತ್ತದ್ದು ಆಗ. ಮುಚ್ಚಳವಿರುವ ಯಾವುದನ್ನೂ ಇಣುಕಿ ನೋಡದೆ ಮುಚ್ಚಗೊಡದ ಅಭ್ಯಾಸವೂ ಆಗಿನದೇ. ಕುಕ್ಕರಾಗಲಿ, ಟ್ರಂಕಾಗಲಿ, ನೀರಿನ ಸಂಪಾಗಲಿ, ಬಗ್ಗಿ ನೋಡಿ “ಒಳಗೆ ಏನೂ ಇಲ್ಲ” ಎನ್ನಬೇಕು.

“ಉಪ್ಪಿನ್ಕಾಯ್ ಜಾಡಿ ಏನ್ ಆರ್ತದಾ?” ಎಂದು ನನ್ನ ಹೆಂಡತಿಯ ಅಕ್ಕ, ಅಂದರೆ ಅವರ ಹೆಂಡತಿ, ರೇಗಿದರೆ ಗಂಭೀರವಾಗಿ ಹೇಳುತ್ತಿದ್ದರು: “ಬೀಳ್ತದಲ್ಲ.”

ಎಲ್ಲಾದರೂ ವಿಮಾನ ಬಿತ್ತೆಂದು ಟೀವಿಯಲ್ಲಿ ಬಂದರೆ ಸಿಕ್ಕಿದ ಬಸ್ಸು ಹತ್ತಿ ನಮ್ಮ ಮನೆಗೆ ಬರುತ್ತಿದ್ದರು. ಪೇಪರನ್ನು ನಾನೇ ಓದಿ ಹೇಳಬೇಕು. “ನಿಮ್ಮ ಕಾರ್ಖಾನೆ ಜಾತಿಯದಲ್ಲ ಅಣ್ಣ” ಎಂದರೆ, “ಉಡ್ಗ?” ಎಂದು ಕೇಳುವರು. “ಛತ್ರಿ ಬಿಚ್ಚಿ ಇಳಿದಿದ್ದಾನಂತೆ” ಎಂದ ಮೇಲೆಯೇ ಕಾಫಿ ಲೋಟ ಮುಟ್ಟುತ್ತಿದ್ದರು. ಇನ್ನೊಂದು ತರದ ಸುದ್ದಿಯಿದ್ದ ದಿನ ಕಾಫಿ ಹಾಗೇ ಆರುತ್ತಿತ್ತು.

ಒಮ್ಮೆ ಬಿದ್ದದ್ದು ಅದೇ ಜಾತಿಯ ವಿಮಾನ. ಯಾವುದೆಂದು ಪೇಪರಿನಲ್ಲಿರಲಿಲ್ಲ. ನಮ್ಮ ಬೀದಿಯ ಫೋನಿನ ಅಂಗಡಿಯಿಂದ, ಮಾತು ಬಿಟ್ಟಿದ್ದ ಆ ಹಳೆಯ ಜೊತೆಗಾರರಲ್ಲಿ ಒಬ್ಬರಿಗೆ ಫೋನು ಮಾಡಿದರು. ಆ ಕಡೆಯವರು “ಅದಲ್ಲ” ಎಂದಷ್ಟೇ ಹೇಳಿ ಇಟ್ಟುಬಿಟ್ಟರಂತೆ. ನಾನು ನಿಟ್ಟುಸಿರು ಬಿಟ್ಟೆ. ಷಡ್ಡಕರು ಅಂಗಡಿಯ ಮೆಟ್ಟಿಲಲ್ಲೇ ಕೂತುಬಿಟ್ಟರು.

“ಅದಲ್ಲ ಅಂದ್ರಲ್ಲ ಅಣ್ಣ, ಇನ್ನೇನು?”

“ಅಯ್ಯೋ ಪಾಪ ಅಂತ ಸುಳ್ಳು ಏಳಿದ್ರೆ?”

ಮನುಷ್ಯ ತನ್ನ ಮೇಲಿನ ಕರುಣೆಯನ್ನೂ ಇಣುಕಿ ನೋಡದೆ ಒಪ್ಪಿಕೊಳ್ಳಲಾರದ ಸ್ಥಿತಿಗೆ ಬರಬಹುದೆಂದು ಅಂದು ತಿಳಿಯಿತು.

ಅವರ ಎದೆ ಕೈಕೊಟ್ಟದ್ದು ಅದಾದ ಒಂದೆರಡು ವರ್ಷಕ್ಕೆ. ಮೈಸೂರಿನ ಆಸ್ಪತ್ರೆಯಲ್ಲಿ ನನ್ನನ್ನು ಹತ್ತಿರ ಕರೆದು, “ಮುಚ್ಚಾಕ್ ಮುಂಚೆ ಒಂದ್ ಸಲ ನೋಡ್ಬುಡಯ್ಯ. ಬ್ಯಾರೇರ್ನ ನಂಬ್ಬ್ಯಾಡ” ಎಂದರು.

ಹದಿನಾರಿನ ಅವರ ಹೊಲದಲ್ಲಿ ಗುಂಡಿ ತೋಡಿದ್ದರು. ನಮ್ಮ ಪದ್ಧತಿಯಂತೆ ಅವರನ್ನು ಒಳಗೆ ಕೂರಿಸಿದರು. ಐನೋರು ಹಣೆಗೆ ಮೂರು ಬೆರಳಗಲ ವಿಭೂತಿ ಹಚ್ಚಿ, ಸುತ್ತಲೂ ವಿಭೂತಿ ಗಟ್ಟಿಗಳನ್ನು ತುಂಬಿದರು. ಮಣ್ಣೆಳೆಯಲು ಗುದ್ದಲಿ ಎತ್ತಿದಾಗ ನಾನು ತಡೆದೆ. ನನ್ನ ಅಂಗಿಯ ಜೇಬಿನಲ್ಲಿದ್ದ ಪೆನ್ನು, ಕನ್ನಡಕಗಳನ್ನು ಪಕ್ಕದವರ ಕೈಗಿತ್ತು, ಮಂಡಿಯೂರಿ ಬಗ್ಗಿ ನೋಡಿದೆ.

ನೋಡಿದವನು ಕೂಗಿ ಹೇಳಬೇಕು; ಹೇಳಿದ ಮೇಲೆಯೇ ಮುಚ್ಚಬೇಕು. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಒಳಗೆ ಏನೂ ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಮುಚ್ಚಿರೆಂದು ಕೈಸನ್ನೆ ಮಾಡಿ ಹಿಂದೆ ಸರಿದೆ.