ಕಣ್ಣು ತೆರೆದು ಮಾಡಿದ ಪ್ರಾರ್ಥನೆ

ಸಂಜೆ ಐದು ಗಂಟೆ ಇಪ್ಪತ್ತು ನಿಮಿಷ. ಬಸ್ಸು ಅರ್ಧ ದಾರಿಗೆ ಬಂತೆಂದು ಅವ್ವನಿಗೆ ಹೇಳಿ ಆಗತಾನೇ ಫೋನ್ ಇಟ್ಟಿದ್ದೆ. ಹಾಗಾಗಿ ಆ ಹೊತ್ತು ಖಚಿತವಾಗಿ ಗೊತ್ತು. ಆಮೇಲಿನದು ಮಾತ್ರ ಈಗಲೂ ಒಮ್ಮೆ ನಿಧಾನವಾಗಿ, ಒಮ್ಮೆ ಜೋರಾಗಿ ಕಣ್ಣ ಮುಂದೆ ಬರುತ್ತದೆ.

ಕೊಟ್ಟೂರಿನ ಕಾಲೇಜಿನಲ್ಲಿ ಪಾಠ ಮುಗಿಸಿ ಕೂಡ್ಲಿಗಿಯ ಮನೆಗೆ ಮರಳುತ್ತಿದ್ದೆ. ಎಂದಿನಂತೆ ಮೊದಲ ಸೀಟು. ನಮ್ಮ ಕಡೆ ಹುರುಳಿ ಕಿತ್ತ ಮೇಲೆ ಡಾಂಬರು ರಸ್ತೆಗೇ ಹರವುತ್ತಾರೆ. ಬಸ್ಸು ಲಾರಿಗಳು ಹಾಯ್ದು ಕಾಳು ಬಿಡಿಸಿಕೊಡುತ್ತವೆ. ದಾರಿಯ ಒಂದು ಹಳ್ಳಿಯ ಮುಂದೆ ಕುರಿ ಸಾಕುವ ಮುದುಕನೊಬ್ಬ ಆ ವಾರವೆಲ್ಲ ಕೋಲು ಹಿಡಿದು ಬಳ್ಳಿ ತಿರುವುತ್ತ ನಿಂತಿರುತ್ತಿದ್ದ. ನಮ್ಮ ಬಸ್ಸು ಕಂಡರೆ ಅವನಿಗೆ ಬಲು ಸಲಿಗೆ.

“ಲೇ ಡ್ರೈವರಪ್ಪಾ, ಎಡಕ್ಕ ತಗೊಳ್ಳೋ! ಆ ಕಡಿ ಇನ್ನೂ ಕಾಯಿ ಒಡದಿಲ್ಲ!”

“ಕೂಲಿ ಏನ್ ಕೊಡ್ತೀ ಯಜ್ಜಾ?”

“ನಿನ್ನ ಬಸ್ಸಿಗೆ ಹುರುಳಿ ನೆನಸಿ ಇಡ್ತೀನಿ, ಕುದುರಿಯಂಗ ಓಡ್ತೈತಿ!”

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಡ್ರೈವರ್ ದಿನದಂತೆ ಎಡಕ್ಕೆ ಹೊರಳಿಸಿದ. ಹಿಂದಿದ್ದ ಮೆಕ್ಕೆಜೋಳದ ಲಾರಿಯವನು ತನಗೆ ದಾರಿ ಬಿಟ್ಟರೆಂದುಕೊಂಡು ಮುಂದೆ ನುಗ್ಗಿದ. ಬಳ್ಳಿಯ ಮೇಲೆ ಅದರ ಗಾಲಿ ಜಾರಿದವು. ಲಾರಿಯ ಹಿಂಭಾಗ ಅಡ್ಡ ತಿರುಗಿ ನಮ್ಮ ಮುಂಗಾಜು ಒಡೆಯಿತು, ನನ್ನ ಮಡಿಲ ತುಂಬ ಗಾಜು. ಆ ಲಾರಿ ಬಲಕ್ಕೆ, ಮುದುಕ ನಿಂತ ಕಡೆಗೆ ಹೋಯಿತು.

ಹೇಗೆ ಇಳಿದೆನೋ ಗೊತ್ತಿಲ್ಲ. ಅವನ ಹೆಂಡತಿ ಆಚೆ ಬದಿಯಲ್ಲಿ ಮೊರ ಹಿಡಿದು ನಿಂತಿದ್ದಳು, ನಿಂತೇ ಇದ್ದಳು. ನಾನು ನೆಲಕ್ಕೆ ಕೂತು ಅವನ ತಲೆಯನ್ನು ತೊಡೆಗೆ ತೆಗೆದುಕೊಂಡೆ. ಉಸಿರಿತ್ತು. ಹಣೆಗೆ ಬೆಳಗ್ಗೆ ಹಚ್ಚಿಕೊಂಡ ದೇವರ ಭಂಡಾರದ ಅರಿಶಿನ ನನ್ನ ಅಂಗೈಗೆ ಅಂಟಿತು. ಮಾಡುವುದೇನೂ ತಿಳಿಯದೆ, ಚಿಕ್ಕಂದಿನಲ್ಲಿ ಜ್ವರ ಬಂದಾಗ ಅವ್ವ ನನ್ನ ಕಿವಿಯಲ್ಲಿ ಹೇಳುತ್ತಿದ್ದುದನ್ನೇ ಅವನ ಕಿವಿಯಲ್ಲಿ ಹೇಳಿದೆ. “ಯೇಸಪ್ಪಾ, ಈ ಅಜ್ಜನ ಕೈ ಬಿಡಬ್ಯಾಡ.” ಆಂಬುಲೆನ್ಸ್ ಬರುವ ಮೊದಲೇ ಅವನ ಉಸಿರು ನಿಂತಿತ್ತು.

ನಮ್ಮ ಮನೆಯಲ್ಲಿ ಅವ್ವ, ನಾನು ಇಬ್ಬರೇ. ಸಂಜೆ ಚಾಪೆ ಹಾಸಿ ಒಂದು ಹಾಡು ಹೇಳಿ, ಒಬ್ಬರಾದ ಮೇಲೊಬ್ಬರು ಗಟ್ಟಿಯಾಗಿ ಪ್ರಾರ್ಥಿಸುವುದು ನಾನು ಹುಟ್ಟಿದಾಗಿನಿಂದ ನಡೆದು ಬಂದಿದೆ. ಅದೇ ನನ್ನಿಂದ ಆಗದಾಯಿತು. ಕಣ್ಣು ಮುಚ್ಚಿದರೆ ಲಾರಿ ಬರುತ್ತಿತ್ತು. ಪ್ರಾರ್ಥನೆಗೂ ನಿದ್ದೆಗೂ ಕಣ್ಣು ಮುಚ್ಚಲೇಬೇಕಲ್ಲ. ಎರಡೂ ಹೋದವು. ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಿದ್ದೆ.

ಅದರ ಮೇಲೆ ಕಂಡಕ್ಟರ್ ಒಂದು ದಿನ ಬಗ್ಗಿ, “ಮೇಡಮ್ಮಾರ, ಊರಾಗ ಮಾತು ನಡದೈತಿ. ಸಾಯೋ ಮನಷಾಗ ಆ ಕ್ರಿಶ್ಚಿಯನ್ ಟೀಚರು ಕಿವ್ಯಾಗ ಏನೋ ಊದಿದ್ಲು ಅಂತ. ಅಲ್ಲಿ ಇಳಿಯಾಕ ಹೋಗಬ್ಯಾಡ್ರಿ ಮತ್ತ,” ಎಂದ. ಗಂಡನನ್ನು ಕಳೆದುಕೊಂಡ ಆ ಹೆಂಗಸಿನ ನೋವಿಗೆ ನಾನು ಇನ್ನೊಂದು ನೋವು ಸೇರಿಸಿದೆನೇ? ಆ ಪ್ರಶ್ನೆ ಲಾರಿಗಿಂತ ಭಾರವಾಯಿತು.

ಚಾಪೆಯಿಂದ ಅರ್ಧಕ್ಕೇ ಎದ್ದುಹೋಗುತ್ತಿದ್ದ ನನ್ನನ್ನು ಅವ್ವ ಹಿಡಿದು ಕೂರಿಸಿದಳು. “ಕಣ್ಣು ತೆರದ ಮಾಡು. ಕಣ್ಣು ಮುಚ್ಚಿದವರ ಮಾತು ಅಷ್ಟ ಕೇಳ್ತೈತೇನು ಆತಗ?” ಕಣ್ಣು ತೆರೆದೇ ಕೂತೆ. ಎದುರಿನ ಗೋಡೆಯ ಸುಣ್ಣ ಕಂಡಿತು, ಮಾತು ಬರಲಿಲ್ಲ.

ಒಂದು ಶನಿವಾರ ಆ ಊರಿನಲ್ಲಿ ಬಸ್ಸು ನಿಂತಾಗ ಆ ಮುದುಕನ ಹೆಂಡತಿಯೇ ಹತ್ತಿದಳು. ಬರಿ ಹಣೆ, ಬರಿ ಕೈ. ನೇರ ಬಂದು ನನ್ನ ಪಕ್ಕ ಕೂತಳು.

“ನಮ್ಮ ಯಜಮಾನನ ಕಿವ್ಯಾಗ ಏನಂದಿ, ಹೇಳವ್ವಾ.”

ಇದ್ದದ್ದನ್ನೇ ಹೇಳಿದೆ.

“ಕೈ ಬಿಡಬ್ಯಾಡ ಅಂದಿ?”

“ಹೂಂ.”

“ಒಂದ ಸಲ ಅಂದೇನು?”

“ಇಲ್ಲ. ಉಸಿರು ನಿಲ್ಲೋತನಕ ಅಂತಾನ ಇದ್ದೆ.”

ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡಳು. “ನನಗ ಕಾಲು ಎತ್ತಾಕ ಬರಲಿಲ್ಲ ನೋಡು. ಇಷ್ಟ ದೂರ ಇದ್ದೆ, ಕಾಲು ಬರಲಿಲ್ಲ. ಒಬ್ಬನ ಹ್ವಾದನೇನೋ, ಯಾರೂ ಮಾತಾಡಿಸಲಿಲ್ಲೇನೋ ಅಂತ ಅದ ಸಂಕಟ ನನಗ. ನಮ್ಮ ದೇವ್ರು ನಮ್ಮನ್ಯಾಗ ಅದಾನ, ನಿನ್ನ ದೇವ್ರು ನಿನಗಿರ್ಲಿ. ಆದ್ರ ಅದನ್ನ ಇನ್ನೊಂದು ಸಲ ಅನ್ನು, ನಾ ಕೇಳ್ತೀನಿ.”

ಬಸ್ಸು ಆ ಜಾಗಕ್ಕೆ ಬಂದಿತ್ತು. ಹುರುಳಿಯಿರಲಿಲ್ಲ. ಧೂಳಿನ ಕೆಳಗೆ ಡಾಂಬರು ಅಲ್ಲಷ್ಟೇ ಕಪ್ಪಗಿತ್ತು. ಕಣ್ಣು ತೆರೆದು, ಅದನ್ನೇ ನೋಡುತ್ತ ಅಂದೆ: “ಯೇಸಪ್ಪಾ, ಆ ಅಜ್ಜನ ಕೈ ಬಿಡಬ್ಯಾಡ. ಈ ಅಮ್ಮನ ಕೈ ಬಿಡಬ್ಯಾಡ.” ಮುಂದೆ ನನಗಾಗಿ ಏನು ಕೇಳುವುದೋ ತಿಳಿಯದೆ ನಿಲ್ಲಿಸಿದೆ.

“ಈಕಿ ಕೈನೂ,” ಎಂದಳು ಅವಳು, ನನ್ನ ಮೊಣಕಾಲ ಮೇಲೆ ಕೈಯಿಟ್ಟು. ಆ ಅಪಘಾತದ ನಂತರ ನಾನು ಅತ್ತದ್ದು ಅದೇ ಮೊದಲು. ಕೂಡ್ಲಿಗಿ ಬರುವವರೆಗೂ ಇಬ್ಬರೂ ಅತ್ತೆವು.

ಅಂದು ಸಂಜೆ ಚಾಪೆಯ ಮೇಲೆ ನನ್ನ ಸರದಿ ಬಂದಾಗ ಅದೇ ಮಾತು ಹೇಳಿದೆ, ಅಜ್ಜನಿಗೂ ಆ ಅಮ್ಮನಿಗೂ ನನಗೂ. ಮುಗಿಸಿದಾಗ ಕಣ್ಣು ಮುಚ್ಚಿಹೋಗಿದ್ದವು. ಅಲ್ಲೇ ಅಡ್ಡಾದೆ.

ಎಚ್ಚರವಾದಾಗ ಬಿಸಿಲು ಹೊಸ್ತಿಲು ದಾಟಿತ್ತು. ಅವ್ವ ಭಾನುವಾರದ ಆರಾಧನೆ ಮುಗಿಸಿ ಬಂದು, ಚರ್ಚಿಗೆ ಉಡುವ ಬಿಳಿ ಸೀರೆ ಮಡಚುತ್ತಿದ್ದಳು.

“ಎಬ್ಬಸಬಾರದಿತ್ತೇನವ್ವಾ?”

“ಮಲಗಲಿ ಅಂತ ಬಿಟ್ಟೆ,” ಎಂದಳು. “ನಿನ್ನ ಪಾಲಿಂದೂ ನಾನ ಕೇಳಿ ಬಂದೀನಿ. ಆ ಅಮ್ಮಂದೂ.”