ಮೂರು ನಿಮಿಷ ಬಾಯಿ ತೆಗೆಯಬಾರದು

ನಮ್ಮ ಬೀದಿಗೆ ಬರುವ ನರ್ಸಕ್ಕನಿಗೆ ಕಾಯಿಲೆಯವರಿಗಿಂತ ಅವರ ಮನೆಯ ಮೇಲೇ ಹೆಚ್ಚು ಕಣ್ಣು. ಕೂರುವ ಮೊದಲೇ ನೀರಿನ ಡ್ರಮ್ಮಿಗೆ ಮುಚ್ಚಳವಿದೆಯೇ, ಬಾಗಿಲಲ್ಲಿ ಎಷ್ಟು ಜೊತೆ ಚಪ್ಪಲಿಯಿದೆ ಎಂದು ನೋಡಿಬಿಡುತ್ತಾರೆ. ಮನೆಯಲ್ಲಿ ನಾಲ್ಕೇ ಜನ ಎಂದವರ ಬಾಗಿಲಲ್ಲಿ ಏಳು ಜೊತೆ ಕಂಡರೆ ಫಾರಂ ತುಂಬುವ ಪೆನ್ನು ಅಲ್ಲೇ ನಿಲ್ಲುತ್ತದೆ. ಆಮೇಲೆ ಉಪದೇಶ. ಅದು ಶುರುವಾದರೆ ಕುಕ್ಕರ್ ಕೂಗಿದರೂ ನಿಲ್ಲುವುದಿಲ್ಲ.

ದರ್ಜಿಯ ಮನೆಯಲ್ಲಿ ಮಾತ್ರ ಅವರ ಬೇಳೆ ಬೇಯುತ್ತಿರಲಿಲ್ಲ. ಬಸುರಿ ಸೊಸೆಯನ್ನು ಏನು ಕೇಳಿದರೂ ಉತ್ತರ ಅತ್ತೆಯದು.

"ಊಟ ಸೇರುತ್ತೇನಮ್ಮಾ?"

"ಚೆನ್ನಾಗಿ ತಿಂತಾಳೆ."

"ನಿದ್ದೆ?"

"ಮಲಗಿದ್ರೆ ಏಳೋದೇ ಇಲ್ಲ."

ಸೊಸೆ ಹಣೆ ಒತ್ತಿಕೊಳ್ಳುತ್ತಿದ್ದಳು.

ಒಂದು ದಿನ ನರ್ಸಕ್ಕ ಅತ್ತೆಯ ಹಣೆ ಮುಟ್ಟಿ, "ಯಾಕೋ ಮೈ ಬಿಸಿ ಇದ್ದ ಹಾಗಿದೆಯಲ್ಲಮ್ಮಾ. ಇದನ್ನ ನಾಲಿಗೆ ಕೆಳಗೆ ಇಟ್ಕೊಳ್ಳಿ. ಮೂರು ನಿಮಿಷ ಬಾಯಿ ತೆಗೀಬಾರದು" ಎಂದು ಥರ್ಮಾಮೀಟರ್ ಕೊಟ್ಟರು. ಆ ಮೂರು ನಿಮಿಷದಲ್ಲಿ ಸೊಸೆ ತಲೆನೋವು, ಮುಖದ ಊತ, ಕಣ್ಣು ಮಂಜಾಗುವುದು ಎಲ್ಲವನ್ನೂ ಹೇಳಿ ಮುಗಿಸಿದಳು. ಅತ್ತೆಯ ಕಣ್ಣು ಅಗಲವಾಗುತ್ತಲೇ ಹೋಯಿತು. ಅವರಿಗೆ ಜ್ವರವೇನೂ ಇರಲಿಲ್ಲ. ಸೊಸೆಯ ಬಿ.ಪಿ. ಏರಿತ್ತು, ಅವಳನ್ನು ಆಗಲೇ ಆಸ್ಪತ್ರೆಗೆ ಕಳಿಸಿದರು.

ಸೊಸೆ ಮಗುವಿನೊಂದಿಗೆ ಸುಖವಾಗಿ ಮನೆಗೆ ಬಂದ ಮೇಲೆ ನರ್ಸಕ್ಕ ನೋಡಲು ಹೋದರು. ಕೂತವರೇ ಕೈ ತೊಳೆಯುವ ಪಾಠ ಹಿಡಿದರು. ಹತ್ತು ನಿಮಿಷ ಕೇಳಿದ ಅತ್ತೆ ನರ್ಸಕ್ಕನ ಚೀಲದಿಂದ ಥರ್ಮಾಮೀಟರ್ ತೆಗೆದು ಅವರ ಕೈಗಿಟ್ಟರು.

"ಇವತ್ತು ನೀವು ಇಟ್ಕೊಳ್ಳಿ ತಾಯಿ. ನಾವು ಅತ್ತೆ ಸೊಸೆ ಸ್ವಲ್ಪ ಮಾತಾಡೋದಿದೆ."